ಬೇವಿನ ಗಂಟಿನ ಲೋಟ

ಮಾಡದ ತಪ್ಪಿಗೆ ನಾನು ಜೀವನದಲ್ಲಿ ಒಂದೇ ಒಂದು ಸಲ ‘ಸಾರಿ’ ಹೇಳಿದ್ದೇನೆ. ಅದೂ ಒಂದು ಮರದ ಲೋಟದ ವಿಷಯಕ್ಕೆ, ದುಬೈಯ ಅಲ್ ಕೂಜ್‌ನ ಒಂದು ಆಫೀಸಿನಲ್ಲಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡು ಎರಡು ವರ್ಷ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಇಂಥದ್ದನ್ನೆಲ್ಲ ಮರೆತುಬಿಡಬೇಕು ಎಂದು ಬುದ್ಧಿ ಹೇಳುವವರು ಇದ್ದಾರೆ. ನನಗೆ ಮರೆಯುವ ಅಭ್ಯಾಸವಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಮ್ಮದು ಮರದ ಬಾಗಿಲು ಮತ್ತು ನೆಲಹಾಸು ತರಿಸಿ ವಿಲ್ಲಾಗಳಿಗೆ ಕೂರಿಸಿಕೊಡುವ ಸಣ್ಣ ಕಂಪನಿ. ಮುಂದೆ ಗಾಜಿನ ಶೋರೂಮು, ಹಿಂದೆ ತಗಡಿನ ಗೋದಾಮು, ನಡುವೆ ಎಸಿ ಹಾಕಿಕೊಂಡು ನಡುಗುತ್ತಾ ಕೂತ ನಾವು. ನಾನು ರಿಸೆಪ್ಶನಿಸ್ಟ್. ಫೋನು, ಫ್ಯಾಕ್ಸು, ಬಂದವರಿಗೆ ನೀರು, ಹನ್ನೊಂದು ಸಲ ಕೇಳಿದವರಿಗೂ ಹನ್ನೆರಡನೇ ಸಲ ಅದೇ ನಗುವಿನಲ್ಲಿ ಉತ್ತರ. ಗಂಡ ಬೇರೆ ಕಂಪನಿಯಲ್ಲಿ ಸ್ಟೋರ್‌ಕೀಪರ್. ಮಗಳು ಅಲ್ ಕುಸೈಸ್‌ನ ಇಂಡಿಯನ್ ಸ್ಕೂಲಿನಲ್ಲಿ. ಮನೆಯೂ ಅಲ್ಲೇ, ಎರಡನೇ ಮಹಡಿಯಲ್ಲಿ, ಒಂದು ಬೆಡ್‌ರೂಮು ಮತ್ತು ಒಬ್ಬರು ನಿಂತರೆ ಇನ್ನೊಬ್ಬರು ಒಳಗೆ ಬರಬೇಕಾದ ಬಾಲ್ಕನಿ.

ಬಾಸ್ ಫಿನ್‌ಲ್ಯಾಂಡಿನವನು. ಎತ್ತರದ ಆಳು, ಕಡಿಮೆ ಮಾತು. ಆತನ ಮೇಜಿನ ಮೇಲೆ ಒಂದು ಮರದ ಲೋಟ ಇರುತ್ತಿತ್ತು. ಅವರ ಊರಿನಲ್ಲಿ ಅದಕ್ಕೆ ಕುಕ್ಸ ಅನ್ನುತ್ತಾರಂತೆ. ಬರ್ಚ್ ಎಂಬ ಮರದ ಮೈಮೇಲೆ ಮೂಡುವ ಗಂಟನ್ನು ಕಡಿದು, ಒಳಗೆ ಕೊರೆದು ಮಾಡಿದ್ದು. ಲೋಟ ಎನ್ನುವುದಕ್ಕಿಂತ ಹಿಡಿ ಇರುವ ಪುಟ್ಟ ಬಟ್ಟಲು ಎನ್ನಬೇಕು. ಹಿಡಿಯಲ್ಲಿ ಬೆರಳು ತೂರಿಸಲು ಒಂದು ತೂತು. ಕಾಫಿ ಕುಡಿದು ಕುಡಿದು ಒಳಗೆಲ್ಲ ಹುಣಸೆಹಣ್ಣಿನ ಬಣ್ಣ ಬಂದಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಅದನ್ನು ಮಗುಚಿ ನೋಡಿದೆ. ಹಸಿ ಇರುವಾಗಲೇ ಕೊರೆದದ್ದು, ಆತುರ ಮಾಡದೆ ಒಣಗಿಸಿದ್ದು, ಮಾಡಿದವನ ಬಲಗೈ ಗಟ್ಟಿ ಇತ್ತು ಎಂಬುದೆಲ್ಲ ಗೊತ್ತಾಯಿತು. ಗೊತ್ತಾಗದೆ ಏನು? ನನ್ನ ಅಪ್ಪ ಆಚಾರಿ. ಕರಾವಳಿಯ ನಮ್ಮ ಪೇಟೆಯಲ್ಲಿ ಬಾಗಿಲು, ದಾರಂದ, ಮರಿಗೆ, ಸೌಟು ಎಲ್ಲ ಅಪ್ಪನದೇ. ಸಕ್ಕರೆ ಕಾಯಿಲೆಯವರಿಗೆಂದು ಹೊನ್ನೆ ಮರದ ಲೋಟವನ್ನೂ ಮಾಡುತ್ತಿದ್ದರು. ರಾತ್ರಿ ಅದರಲ್ಲಿ ನೀರು ತುಂಬಿಟ್ಟರೆ ಬೆಳಿಗ್ಗೆ ಹಾಲಿಲ್ಲದ ಕಣ್ಣ ಚಹಾದ ಬಣ್ಣಕ್ಕೆ ತಿರುಗಿರುತ್ತಿತ್ತು. ಹೆಣ್ಣುಮಕ್ಕಳು ಉಳಿ ಮುಟ್ಟಬಾರದೆಂದು ಅಜ್ಜಿ ಕೂಗುತ್ತಿದ್ದರು. ಅಜ್ಜಿ ಮಲಗಿದ ಮೇಲೆ ಅಪ್ಪ ನನ್ನ ಕೈಗೆ ಉಳಿ ಕೊಡುತ್ತಿದ್ದರು.

ಮೂರನೆಯವರು ಮೇಡಮ್. ಮೈಸೂರಿನವರು, ಅಡ್ಮಿನ್ ಮ್ಯಾನೇಜರ್. ನಮ್ಮೆಲ್ಲರ ಪಾಸ್‌ಪೋರ್ಟು, ವೀಸಾ, ಲೇಬರ್ ಕಾರ್ಡು, ಕಂಪನಿಯ ಟ್ರೇಡ್ ಲೈಸೆನ್ಸು ಎಲ್ಲವೂ ಅವರ ಕಬ್ಬಿಣದ ಬೀರುವಿನಲ್ಲಿ. ಬೀರುವಿನ ಕೀಲಿ ಅವರ ಕೈಚೀಲದಲ್ಲಿ. ಅವರಿಗೆ ಎಂಜಲು ಎಂದರೆ ಆಗದು. ತಮ್ಮದೇ ಸ್ಟೀಲಿನ ಲೋಟ ತಂದಿಟ್ಟುಕೊಂಡಿದ್ದರು. ಅದನ್ನೂ ತುಟಿಗೆ ತಾಗಿಸದೆ, ತಲೆ ಹಿಂದಕ್ಕೆ ಮಾಡಿ, ಒಂದು ಗೇಣು ಮೇಲಿನಿಂದ ಬಾಯಿಗೆ ಹುಯ್ದುಕೊಂಡು ಕುಡಿಯುತ್ತಿದ್ದರು. ಹನಿ ಬೀಳುತ್ತಿರಲಿಲ್ಲ. ನಾನು ಮಾಡಿದ ಚಹಾ ಆಗುತ್ತಿತ್ತು, ಆದರೆ ನಾನು ಮುಟ್ಟಿದ ಲೋಟವನ್ನು ಇನ್ನೊಮ್ಮೆ ತೊಳೆದುಕೊಳ್ಳುತ್ತಿದ್ದರು. ನಾನು ನೋಡುತ್ತಿದ್ದೇನೆಂದು ಗೊತ್ತಿದ್ದೂ ತೊಳೆಯುತ್ತಿದ್ದರು.

ಒಂದು ಜುಲೈಯಲ್ಲಿ ಬಾಸ್ ರಜೆಯ ಮೇಲೆ ಊರಿಗೆ ಹೋದ. ಮೇಡಮ್ ಆಫೀಸು ಸ್ವಚ್ಛ ಮಾಡಿಸಲು ಹೊರಟರು. ಆತನ ಮೇಜಿನ ಹತ್ತಿರ ಬಂದು ಲೋಟವನ್ನು ಟಿಶ್ಯೂ ಪೇಪರಿನಲ್ಲಿ ಹಿಡಿದೆತ್ತಿದರು, ಸತ್ತ ಇಲಿಯನ್ನು ಎತ್ತುವ ಹಾಗೆ.

“ನೋಡ್ರೀ, ಆ ಮನುಷ್ಯ ವರ್ಷಗಟ್ಟಲೆ ಇದ್ರಲ್ಲೇ ಕುಡಿದು, ಬರೀ ನೀರಲ್ಲಿ ಆಡಿಸಿ ಇಡ್ತಾನೆ. ಸೋಪೇ ತೋರ್ಸಿಲ್ಲ. ಎಂಜಲು ಕಣ್ರೀ, ಬರೀ ಎಂಜಲು! ವಿಮ್ ಹಾಕಿ ತಿಕ್ಕಿ ಬಿಸಿಲಿಗೆ ಇಟ್ಬಿಡಿ.”

“ಬೇಡ ಮೇಡಮ್,” ಎಂದೆ. “ಸೋಪು ಹಾಕಿದ್ರೆ ಮರ ಕುಡೀತದೆ. ಈ ಬಿಸಿಲಿಗೆ ಇಟ್ರೆ ಸೀಳಿ ಹೋಗ್ತದೆ. ನಮ್ಮ ಅಪ್ಪ ಒಂದು ಸೌಟನ್ನೂ ಬಿಸಿಲಿಗೆ ಇಡ್ಲಿಕ್ಕೆ ಬಿಡುದಿಲ್ಲ.”

“ಬಿಸಿಲು ತಾಗಿದ್ರೆ ಎಲ್ಲ ಶುದ್ಧ ಆಗತ್ತೆ. ನೀವು ಫೋನ್ ನೋಡ್ಕೊಳ್ಳಿ ಹೋಗಿ.”

ಅವರೇ ತಿಕ್ಕಿದರು. ಆ ಕಾಲದಲ್ಲಿ ಜುಲೈ ತಿಂಗಳ ತಣ್ಣೀರಿನ ನಲ್ಲಿಯಲ್ಲೂ ಕುದಿಯುವ ನೀರೇ ಬರುತ್ತಿತ್ತು. ಆ ನೀರಲ್ಲಿ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ, ಕಬ್ಬಿಣದ ನಾರಿನಲ್ಲಿ ಉಜ್ಜಿ, ಗೋದಾಮಿನ ಹಿಂದಿನ ಜನರೇಟರ್ ಶೆಡ್ಡಿನ ತಗಡಿನ ಮೇಲೆ ಬೋರಲು ಹಾಕಿದರು. ನಮ್ಮ ಡ್ರೈವರ್ ಅಲ್ಲೇ ವ್ಯಾನಿಗೆ ಬಾಗಿಲು ತುಂಬಿಸುತ್ತಾ ನಿಂತಿದ್ದ. ಊಟದ ಹೊತ್ತಿಗೆ ನಾನು ಹೋಗಿ ನೋಡಿದರೆ ಬಾಯಿಯಿಂದ ತಳದವರೆಗೆ ಒಂದೇ ಸೀಳು. ಉಗುರು ತೂರಿಸಬಹುದಿತ್ತು. ಮರದ ಸದ್ದನ್ನು ಚಿಕ್ಕಂದಿನಿಂದ ಕೇಳಿದವಳಿಗೆ ಅದು ಸೀಳಿದ ಸದ್ದು ಕೇಳಿಸಿರಲಿಲ್ಲ.

ಬಾಸ್ ವಾಪಸ್ ಬಂದ ದಿನ ಮೇಡಮ್ ನನ್ನನ್ನು ಒಳಗೆ ಕರೆದರು. ಲೋಟ ಮೇಜಿನ ಮೇಲಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಿ ಮುಗಿಸಿದರು. ನಾನೇ ಸೋಪು ಹಾಕಿ ತೊಳೆದೆನಂತೆ, ನಾನೇ ಬಿಸಿಲಿಗೆ ಇಟ್ಟೆನಂತೆ. “ಪಾಪ, ಬೈಯಬೇಡಿ. ಮರ ಅಂದರೆ ಏನೆಂದೇ ಗೊತ್ತಿಲ್ಲದವಳು.”

ಪಾಪ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಫೈಲು ಕಳೆದಳು ಎಂದಿದ್ದರೆ, ಫೋನು ಎತ್ತಲಿಲ್ಲ ಎಂದಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಆಚಾರಿಯ ಮಗಳಿಗೆ ಮರ ಗೊತ್ತಿಲ್ಲ ಎಂದರು, ಅದೂ ಮರವನ್ನು ಕೊಂದ ಕೈಯವರು. ಮೈಯೆಲ್ಲ ಉರಿದುಹೋಯಿತು. ಆದರೆ ಆ ವಾರ ನನ್ನ ಲೇಬರ್ ಕಾರ್ಡಿನ ಕಾಗದ ಮೇಡಮ್ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ನನ್ನ ಇಂಗ್ಲಿಷು ಸಿಟ್ಟು ಬಂದಾಗ ಕೈಕೊಡುತ್ತಿತ್ತು. ಬಾಸ್ ಸೀಳನ್ನು ಬೆರಳಲ್ಲಿ ಸವರುತ್ತಾ, “ಇದು ನನ್ನ ಅಪ್ಪ ಮಾಡಿದ್ದು,” ಎಂದ. ನನ್ನ ಬಾಯಿಯಿಂದ ಬಂದ ಮಾತು “ಸಾರಿ ಸರ್.”

ಮರುದಿನದಿಂದ ಆತ ನನಗೆ ಗುಡ್ ಮಾರ್ನಿಂಗ್ ಹೇಳುವುದನ್ನು ನಿಲ್ಲಿಸಿದ. ಒಡೆದ ಲೋಟವನ್ನು ಶೋರೂಮಿನ ಗಾಜಿನ ಕಪಾಟಿನಲ್ಲಿಟ್ಟ. ನನ್ನ ಕುರ್ಚಿಯಿಂದ ಅದು ನೇರ ಕಾಣುತ್ತಿತ್ತು. ಬಂದ ಗಿರಾಕಿಗಳು ಇದೇನು ಎಂದು ಕೇಳಿದರೆ ಮೇಡಮ್ ನನ್ನ ಕಡೆ ಕಣ್ಣು ಹಾಯಿಸಿ, ನಕ್ಕು, ಕಥೆ ಹೇಳುತ್ತಿದ್ದರು.

ಗಂಡನ ಹತ್ತಿರ ಹೇಳಿಕೊಂಡರೆ, “ಒಂದು ಲೋಟಕ್ಕೆ ಎಂತ ರಾದ್ಧಾಂತ ಮಾರಾಯ್ತಿ, ಹೊಸತು ಒಂದು ತಂದು ಕೊಡು, ಖಲಾಸ್,” ಎಂದರು. ಫೋನ್ ಕಾರ್ಡು ಗೀಚಿ ಅಪ್ಪನಿಗೆ ಫೋನು ಮಾಡಿದೆ. ಅಪ್ಪ ಎಲ್ಲ ಕೇಳಿಸಿಕೊಂಡರು.

“ತೊಳೆದದ್ದು ನೀನಲ್ಲ?”

“ಅಲ್ಲ ಅಪ್ಪ.”

“ಮತ್ತೆ ಸಾರಿ ಎಂತಕ್ಕೆ ಹೇಳಿದ್ದು?”

ಕಾರ್ಡಿನಲ್ಲಿ ಇನ್ನೂ ನಾಲ್ಕು ನಿಮಿಷ ಉಳಿದಿದ್ದರೂ ಇಬ್ಬರೂ ಫೋನು ಇಟ್ಟೆವು.

ದ್ವೇಷಕ್ಕೆ ದಾರಿ ತೋರಿಸಿದವನು ಬಾಸೇ. ಒಂದು ದಿನ ಒಬ್ಬ ಗಿರಾಕಿಗೆ ಆತ ವಿವರಿಸುತ್ತಿದ್ದ: ಈ ಲೋಟವನ್ನು ಯಾರೂ ತಮಗೆ ತಾವೇ ಕೊಂಡುಕೊಳ್ಳಬಾರದು, ಕೊಡಿ ಎಂದು ಕೇಳಲೂಬಾರದು. ಯಾರಾದರೂ ಮಾಡಿ ಕೊಡಬೇಕು. ಕೊಟ್ಟ ಮೇಲೆ ಬೇರೆ ಲೋಟ ಹಿಡಿದರೆ ಕೊಟ್ಟವರಿಗೆ ಅವಮಾನ. ಮೊದಲ ಕಾಫಿಯನ್ನು ಗುಂಪಿನ ಹಿರಿಯ ಹಾಕಬೇಕು. ಸೋಪು ಮಾತ್ರ ಜನ್ಮದಲ್ಲಿ ತಾಗಿಸಬಾರದು. ಅದು ಅವರ ಮನೆಯ ರೂಢಿಯೋ ದೇಶದ ರೂಢಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ಹೊತ್ತಿಗೆ ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಮೇಡಮ್‌ಗೆ ಒಂದು ಲೋಟ ಮಾಡಿಕೊಡಬೇಕು.

ಮರ ಸಿಕ್ಕಿದ್ದು ಅಬುಧಾಬಿಯಲ್ಲಿ. ಖಲೀಫಾ ಸಿಟಿಯಲ್ಲಿ ಒಂದು ವಿಲ್ಲಾಕ್ಕೆ ಬಾಗಿಲು ಹಾಕುವುದಿತ್ತು. ಮನೆಯ ಯಜಮಾನಿ ಅಳತೆಗೆ ಗಂಡಸರ ಜೊತೆ ಒಬ್ಬ ಹೆಂಗಸೂ ಬರಲಿ ಎಂದದ್ದರಿಂದ ನನ್ನನ್ನು ವ್ಯಾನಿನಲ್ಲಿ ಕಳಿಸಿದರು. ಕಾಂಪೌಂಡು ಗೋಡೆ ಕಟ್ಟಲು ಅಲ್ಲಿ ಒಂದು ಬೇವಿನ ಮರ ಕಡಿದು ಹಾಕಿದ್ದರು. ಕಾಂಡದ ಮೇಲೆ ಒಳ್ಳೆ ತೆಂಗಿನಕಾಯಿ ಗಾತ್ರದ ಗಂಟು. ಬೇವು! ನಾನು ಹುಡುಕಿದ್ದರೂ ಇಷ್ಟು ಚೆನ್ನಾದದ್ದು ಸಿಗುತ್ತಿರಲಿಲ್ಲ. ಗರಗಸ ಹಿಡಿದು ನಿಂತಿದ್ದ ಕೆಲಸದವನಿಗೆ “ಭಾಯ್, ಇಷ್ಟು ಕೊಯ್ದು ಕೊಡಿ,” ಎಂದೆ. ಅವನು ನಕ್ಕು ಕೊಯ್ದುಕೊಟ್ಟ. ದುಬೈವರೆಗೆ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಹಸಿ ಬೇವಿನ ವಾಸನೆ ವ್ಯಾನಿನ ತುಂಬ ಇತ್ತು.

ಗೋದಾಮಿನಿಂದ ಒಂದು ಬಾಗಿದ ಉಳಿ, ಒಂದು ಸಣ್ಣ ಬಾಚಿ ಎರವಲು ತಂದೆ. ಹದಿನೈದು ವರ್ಷದಿಂದ ಉಳಿ ಹಿಡಿಯದ ಕೈ. ಮೊದಲು ಪ್ಯಾಕಿಂಗ್ ಪೆಟ್ಟಿಗೆಯ ಮರದ ಮೇಲೆ ಕೈ ತಿದ್ದಿಕೊಂಡೆ, ಎರಡು ಸಲ ಬೆರಳು ಕುಯ್ದುಕೊಂಡೆ. ಶುಕ್ರವಾರ ರಜೆ. ಬಾಲ್ಕನಿಯಲ್ಲಿ ಕಾಲು ಮಡಚಿ ಕೂತು ಮಧ್ಯಾಹ್ನದವರೆಗೆ ಕೊರೆಯುತ್ತಿದ್ದೆ. ಗಂಟಿನ ಎಳೆ ನೇರ ಇರುವುದಿಲ್ಲ, ಉಳಿ ಹೋಗುವ ದಿಕ್ಕನ್ನು ಪ್ರತಿ ಬೆರಳಗಲಕ್ಕೆ ಬದಲಿಸಬೇಕು, ಇಲ್ಲದಿದ್ದರೆ ಚಕ್ಕೆ ಎದ್ದು ಬರುತ್ತದೆ. ಸಿಟ್ಟಿನಲ್ಲಿ ಕೊರೆದರೆ ಕೆಲಸ ಕೆಡುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ನಾನು ಸಿಟ್ಟಿನಲ್ಲಿಯೇ ಕೊರೆದೆ, ಏನೂ ಕೆಡಲಿಲ್ಲ.

ಲೋಟದ ಆಕಾರವನ್ನು ಯೋಚಿಸಿದ್ದೇ ನನ್ನ ಹೆಮ್ಮೆ. ಬಾಯಿಯನ್ನು ಗಂಜಿ ಬಟ್ಟಲಿನಷ್ಟು ಅಗಲ ಮಾಡಿದೆ. ಅಂಚನ್ನು ದಪ್ಪ ಬಿಟ್ಟು ಹೊರಕ್ಕೆ ತುಸು ಬಾಗಿಸಿದೆ. ಇಂಥ ಬಾಯಿಯಿಂದ ಎತ್ತಿ ಹುಯ್ದುಕೊಳ್ಳಲು ಯಾರಿಂದಲೂ ಸಾಧ್ಯವಿಲ್ಲ. ಹುಯ್ದರೆ ಮುಖದ ಮೇಲೆ ಬೀಳುತ್ತದೆ. ಕುಡಿಯಬೇಕೆಂದರೆ ಎರಡೂ ತುಟಿ ಒತ್ತಲೇಬೇಕು, ಒತ್ತಿದ ಜಾಗದಲ್ಲಿ ನಿನ್ನೆಯ ತುಟಿ, ಮೊನ್ನೆಯ ತುಟಿ ಎಲ್ಲ ಇರಬೇಕು.

ಒಣಗಿಸುವ ಕ್ರಮವನ್ನು ಅಪ್ಪನ ಹತ್ತಿರ ಕೇಳಿದೆ. ಯಾರಿಗೆ ಮಾಡುತ್ತಿದ್ದೇನೆ ಎಂದು ಹೇಳಲಿಲ್ಲ. “ಉಪ್ಪು ನೀರಲ್ಲಿ ಬೇಯಿಸು. ಬೇವಾದರೆ ನೀರು ಬದಲಿಸಿ ನಾಲ್ಕೈದು ಸಲ ಬೇಯಿಸಬೇಕು, ಇಲ್ಲದಿದ್ರೆ ಕಹಿ ಹೋಗುದಿಲ್ಲ. ಆಮೇಲೆ ಅದರದ್ದೇ ಹೊಟ್ಟಿನಲ್ಲಿ ಹೂತಿಟ್ಟು ಗೋಣಿ ಸುತ್ತಿ ಮಂಚದಡಿಗೆ ಹಾಕು. ಅದಾಗಿ ಒಣಗಲಿ. ನೀನು ಒಣಗಿಸ್ಲಿಕ್ಕೆ ಹೋಗಬೇಡ.” ನಾನು ಒಂದೇ ಸಲ ಬೇಯಿಸಿದೆ. ಸೀಳದಿರಲು ಅಷ್ಟು ಸಾಕು. ಅದು ತಾನಾಗಿ ಸೀಳಿದರೆ ಮತ್ತೆ ನನ್ನ ತಲೆಗೇ ಬರುತ್ತಿತ್ತಲ್ಲ. ಕಹಿ ಹೋಗಲು ಅಷ್ಟು ಸಾಲದು ಎಂಬುದೂ ಗೊತ್ತಿತ್ತು. ಮಗಳು ಮೂಗು ಮುಚ್ಚಿಕೊಂಡು, “ಅಮ್ಮಾ, ಇಟ್ಸ್ ಸ್ಟಿಂಕಿಂಗ್! ವಾಟ್ ಆರ್ ಯು ಕುಕಿಂಗ್?” ಎಂದು ಕೂಗಿದಳು. ಮೇಡಮ್‌ಗೆ ಕಷಾಯ ಎಂದೆ.

ಕೊಟ್ಟದ್ದು ಅವರ ಚಾಂದ್ರಮಾನ ಯುಗಾದಿಯ ದಿನ. ಎಲ್ಲರೂ ಮೀಟಿಂಗ್ ಟೇಬಲ್ಲಿನ ಸುತ್ತ ಇದ್ದರು. ಎಳ್ಳೆಣ್ಣೆ ಉಜ್ಜಿ ಮಿನುಗಿಸಿದ ಲೋಟವನ್ನು ಎರಡು ಕೈಯಲ್ಲಿ ಹಿಡಿದು, “ಹಬ್ಬಕ್ಕೆ ನನ್ನ ಕಡೆಯಿಂದ, ನಾನೇ ಮಾಡಿದ್ದು ಮೇಡಮ್,” ಎಂದೆ. ಬೇವು ನನ್ನದು, ಬೆಲ್ಲ ಅವರ ಮನೆಯಲ್ಲಿ ಇರಬಹುದು ಎಂದುಕೊಂಡೆ. ಬಾಸ್ ಎದ್ದು ಬಂದ. ಲೋಟವನ್ನು ತಿರುಗಿಸಿ, ತಟ್ಟಿ, ಬೆಳಕಿಗೆ ಹಿಡಿದು ನೋಡಿದ. ಏಳೆಂಟು ತಿಂಗಳ ನಂತರ ಮೊದಲ ಸಲ ನನ್ನ ಮುಖ ನೋಡಿದ. “ನೀನು ಮಾಡಿದ್ದೇ?” ಎಂದು ಎರಡು ಸಲ ಕೇಳಿದ. ಆಮೇಲೆ ತಾನೇ ಕಾಫಿ ತಂದು ಮೊದಲ ಸಲಕ್ಕೆ ಹಾಕಿಕೊಟ್ಟ.

ಮೇಡಮ್ ಅಭ್ಯಾಸಬಲದಿಂದ ತಲೆ ಹಿಂದಕ್ಕೆ ಮಾಡಿ ಎತ್ತಿದರು. ಕಾಫಿ ಗಲ್ಲದ ಮೇಲಿಂದ ಇಳಿದು ಹಬ್ಬದ ರೇಷ್ಮೆ ಸೀರೆಯ ಮೇಲೆ ಹರಿಯಿತು. ಎಲ್ಲರೂ ಗಾಬರಿಯಾಗಿ ಟಿಶ್ಯೂ ಕೊಟ್ಟರು. ಬಾಸ್ ನಗುತ್ತಾ, ತುಟಿ ಇಟ್ಟು ಕುಡಿಯಬೇಕು ಎಂದು ತೋರಿಸಿದ. ಅವರು ತುಟಿ ಇಟ್ಟರು. ಕಹಿ ನಾಲಿಗೆಗೆ ತಾಗಿದ್ದು ನನಗೆ ಅವರ ಕುತ್ತಿಗೆಯ ನರದಲ್ಲಿ ಕಂಡಿತು. ನುಂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಅಂದಿನಿಂದ ಬಾಸ್‌ಗೆ ಹೊಸ ಹುರುಪು ಬಂತು. ನನಗೆ ಗುಡ್ ಮಾರ್ನಿಂಗ್ ಮಾತ್ರ ಆಗಲೂ ಇಲ್ಲ. ದಿನಾ ಹತ್ತು ಗಂಟೆಗೆ ಎಲ್ಲರೂ ಒಟ್ಟಿಗೆ ಕಾಫಿ. ಆತನಿಗೆ ಪಿಂಗಾಣಿ ಮಗ್ಗು, ಮೇಡಮ್‌ಗೆ ಮರದ ಲೋಟ. ಸ್ಟೀಲಿನ ಲೋಟ ಹೊರಗೆ ತೆಗೆದರೆ ಆತ ಹುಬ್ಬು ಏರಿಸುತ್ತಿದ್ದ. ಕುಡಿದಾದ ಮೇಲೆ ನೀರಲ್ಲಿ ಒಮ್ಮೆ ಆಡಿಸಿ ಬೋರಲು ಹಾಕಬೇಕು, ಅಷ್ಟೇ. ಮೇಡಮ್ ಕಾಫಿ ಬಿಟ್ಟೆ ಎಂದು ನೋಡಿದರು. ಹಾಗಾದರೆ ಅದರಲ್ಲೇ ನೀರು ಕುಡಿಯಿರಿ ಎಂದ ಬಾಸ್. ನಾನು ರಿಸೆಪ್ಶನ್ನಿನ ಗಾಜಿನಾಚೆ ಕೂತು ದಿನವೂ ನೋಡುತ್ತಿದ್ದೆ. ಅಂಥ ಸುಖ ನನಗೆ ಯಾವ ಮದುವೆಯ ಊಟದಲ್ಲೂ ಸಿಕ್ಕಿರಲಿಲ್ಲ. ಒಮ್ಮೆ ಅವರು ವಾಶ್‌ಬೇಸಿನ್ನಿನ ಮುಂದೆ ಬಾಗಿ ಓಕರಿಸುತ್ತಿದ್ದದ್ದು ಕಂಡೆ. ಅಯ್ಯೋ ಅನ್ನಿಸಿತೇ ಎಂದು ಕೇಳಿಕೊಂಡೆ. ಅನ್ನಿಸಲಿಲ್ಲ. ಶೋರೂಮಿನ ಕಪಾಟಿನಲ್ಲಿ ಒಡೆದ ಲೋಟ ಇನ್ನೂ ಇತ್ತು, ಅದರ ಪಕ್ಕದಲ್ಲೇ ನನ್ನ ಮಾನವೂ ಇತ್ತು.

ಇಷ್ಟೇ ನನ್ನ ಲೆಕ್ಕಾಚಾರ. ಅದಕ್ಕಿಂತ ಮುಂದಿನದು ತಾನಾಗಿ ಬಂದು ಬಿದ್ದದ್ದು.

ಸೆಪ್ಟೆಂಬರಿನಲ್ಲಿ ಮಗಳ ಸ್ಕೂಲಿನಲ್ಲಿ ಏನೋ ಕೆಲಸವಿದ್ದು ಅರ್ಧ ದಿನ ರಜೆ ಹಾಕಿದ್ದೆ. ಶ್ರಾವಣದ ವ್ರತವೆಲ್ಲ ಮುಗಿದು ಗೌರಿ ಹಬ್ಬ ಹತ್ತಿರ ಬಂದಿತ್ತು. ಆ ಎಂಜಲು ಲೋಟವನ್ನು ಮೇಡಮ್‌ಗೆ ಇನ್ನು ತಡೆಯಲಾಗಲಿಲ್ಲ ಎಂದು ಕಾಣುತ್ತದೆ. ಮಧ್ಯಾಹ್ನ ನಾನು ಬಾಗಿಲು ತೆರೆದು ಒಳಗೆ ಬಂದರೆ ಮೀಟಿಂಗ್ ಟೇಬಲ್ಲಿನ ಹತ್ತಿರ ಬಾಸ್ ನಿಂತಿದ್ದ. ಕೈಯಲ್ಲಿ ನನ್ನ ಬೇವಿನ ಲೋಟ. ಹಿಡಿಯ ಬುಡದಿಂದ ಬಾಯಿಯವರೆಗೆ ಸೀಳು ಬಿಟ್ಟು, ಒಳಗೆ ಸೋಪಿನ ಬಿಳಿ ಪುಡಿ ಅಂಟಿತ್ತು. ಗೋದಾಮಿಗೆ ಹೋದವನಿಗೆ ಶೆಡ್ಡಿನ ತಗಡಿನ ಮೇಲೆ ಸಿಕ್ಕಿತಂತೆ. ಮೇಡಮ್ ನನ್ನ ಕಡೆ ಬೆನ್ನು ಹಾಕಿ ನಿಂತಿದ್ದರು.

“ಆ ರಿಸೆಪ್ಶನ್ ಹುಡುಗಿಯೇ ಇರಬೇಕು,” ಎನ್ನುತ್ತಿದ್ದರು. “ಹೇಳಿದರೆ ಅರ್ಥವಾಗುವುದಿಲ್ಲ ಅವಳಿಗೆ. ಬೆಳಿಗ್ಗೆ ಅವಳೇ ಪ್ಯಾಂಟ್ರಿಯಲ್ಲಿ ಇದ್ದಳು.”

“ಬೆಳಿಗ್ಗೆಯಿಂದ ಅವಳು ಆಫೀಸಿನಲ್ಲೇ ಇರಲಿಲ್ಲ,” ಎಂದ ಬಾಸ್. “ರಜೆಯ ಕಾಗದಕ್ಕೆ ಸಹಿ ಹಾಕಿದ್ದು ನೀವೇ.”

ಮೇಡಮ್ ತಿರುಗಿದರು, ನನ್ನನ್ನು ಕಂಡರು. ಮುಖ ಹುಳ್ಳಗಾಯಿತು ಎಂದು ಹೇಳಿದರೆ ಕಡಿಮೆ. ಅವರು ಕೈಚೀಲದ ಜಿಪ್ಪು ತೆರೆದರು, ಮುಚ್ಚಿದರು, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಕೈಯಲ್ಲಿ ಮಗಳ ನೀರಿನ ಬಾಟಲಿ ಇತ್ತು, ಅದನ್ನು ಹಿಡಿದುಕೊಂಡೇ ನಿಂತೆ.

ಬಾಸ್ ನನ್ನನ್ನು ತನ್ನ ಕೋಣೆಗೆ ಕರೆದ. ಕುರ್ಚಿ ತೋರಿಸಿದ. ಈಗ ಈತ ಕ್ಷಮೆ ಕೇಳುತ್ತಾನೆ ಎಂದು ಸೆರಗು ಸರಿಮಾಡಿಕೊಂಡು ಕೂತೆ.

“ಮೊದಲನೆಯದೂ ಅವಳೇ,” ಎಂದ. “ನನಗೆ ಗೊತ್ತಿತ್ತು.”

“ಯಾವಾಗಿನಿಂದ?”

“ಆ ವಾರವೇ. ಡ್ರೈವರ್ ನೋಡಿದ್ದನಂತೆ, ಹೇಳಿದ.”

“ಮತ್ತೆ ನೀವು ನನಗೆ ಏನೂ ಹೇಳಲಿಲ್ಲ,” ಎಂದೆ. ಆ ದಿನ ನನ್ನ ಇಂಗ್ಲಿಷು ಕೈಕೊಡಲಿಲ್ಲ.

“ಅದು ಲೈಸೆನ್ಸ್ ರಿನ್ಯೂವಲ್ ತಿಂಗಳು. ಅವಳಿಲ್ಲದೆ ಒಂದು ಕಾಗದವೂ ಮುಂದೆ ಹೋಗುತ್ತಿರಲಿಲ್ಲ. ಅವಳನ್ನು ಎದುರು ಹಾಕಿಕೊಳ್ಳುವ ಹಾಗಿರಲಿಲ್ಲ. ನೀನೂ ಕೂಡಲೇ ಸಾರಿ ಹೇಳಿಬಿಟ್ಟೆ. ವಿಷಯ ಅಲ್ಲಿಗೇ ಮುಗಿಯಿತಲ್ಲ.” ಆತ ಇದನ್ನು ಬಾಗಿಲಿನ ಅಳತೆ ಹೇಳುವಷ್ಟೇ ಶಾಂತವಾಗಿ ಹೇಳಿದ. ನಕ್ಕ ಕೂಡ. “ನಿನ್ನ ಕೈಕೆಲಸ ನಿಜವಾಗಿ ಚೆನ್ನಾಗಿದೆ.”

ಒಂದು ವರ್ಷಕ್ಕೂ ಮೇಲೆ ಬೆಳಿಗ್ಗೆ ಬೆಳಿಗ್ಗೆ ನನ್ನ ಮುಂದೆ ಮುಖ ತಿರುಗಿಸಿ ಹೋದವನು ಇವನು. ಗೊತ್ತಿದ್ದೂ. ಮೇಡಮ್ ಸುಳ್ಳು ಹೇಳಿದ್ದು ಹೆದರಿಕೆಯಿಂದ ಇರಬಹುದು, ಕೊಬ್ಬಿನಿಂದ ಇರಬಹುದು. ಈತ ಆ ಸುಳ್ಳನ್ನು ಅನುಕೂಲವಾಯಿತೆಂದು ಇಟ್ಟುಕೊಂಡ. ಅಷ್ಟು ದಿನ ನಾನು ಸಿಟ್ಟನ್ನು ಒಂದೇ ಮನೆಗೆ ಹಂಚಿದ್ದೆ, ಅರ್ಧ ಇಲ್ಲಿಗೆ ಬರಬೇಕಿತ್ತು. ಎದ್ದು ಬಂದೆ.

ಮೇಡಮ್ ಒಂದು ವಾರ ನನ್ನ ಕಡೆ ನೋಡಲಿಲ್ಲ. ಆಮೇಲೆ ಒಂದು ಸಂಜೆ ಎಲ್ಲರೂ ಹೋದ ಮೇಲೆ ರಿಸೆಪ್ಶನ್ ಹತ್ತಿರ ಬಂದು ನಿಂತರು.

“ಅವತ್ತು ಹೆದರ್ಕೊಂಡ್ಬಿಟ್ಟೆ ಕಣ್ರೀ. ನಮ್ಮೆಜಮಾನ್ರಿಗೆ ಕೆಲಸ ಹೋಗಿತ್ತು. ಮನೆ ಪೂರ್ತಿ ನನ್ನ ವೀಸಾ ಮೇಲೇ ನಿಂತಿತ್ತು.”

“ನಾನೂ ಹೆದರಿದ್ದೆ ಮೇಡಮ್. ಆದ್ರೆ ನಿಮ್ಮ ಹೆಸರು ಹೇಳಲಿಲ್ಲ.”

ಅವರ ಕಣ್ಣು ತುಂಬಿತು. ನಾನು ಟಿಶ್ಯೂ ಡಬ್ಬವನ್ನು ಅವರ ಕಡೆ ತಳ್ಳಿದೆ, ಅದಕ್ಕಿಂತ ಹೆಚ್ಚೇನೂ ಮಾಡಲಿಲ್ಲ. ಕ್ಷಮಿಸಿದೆ ಎಂಬ ಮಾತು ನನ್ನ ಬಾಯಿಯಿಂದ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ.

ಜನವರಿಯಲ್ಲಿ ಬಾಸ್ ಕ್ರಿಸ್‌ಮಸ್ ರಜೆ ಮುಗಿಸಿ ಬಂದ. ಬಂದವನು ನನ್ನ ಮೇಜಿನ ಮೇಲೆ ಉಣ್ಣೆ ಬಟ್ಟೆಯ ಗಂಟು ಇಟ್ಟು ಬಿಚ್ಚಿದ. ಒಳಗೆ ಬರ್ಚ್ ಮರದ ಗಂಟು, ಎರಡು ಮುಷ್ಟಿ ಗಾತ್ರದ್ದು, ತೊಗಟೆ ಸಮೇತ. ತೀರಿಹೋಗುವ ಮುಂಚೆ ಆತನ ಅಪ್ಪ ಲೋಟಕ್ಕೆಂದು ಕಡಿದಿಟ್ಟ ಕೊನೆಯ ಗಂಟು ಎಂದ. ತೊಗಟೆಯ ಮೇಲಿನ ಧೂಳನ್ನು ಹೆಬ್ಬೆರಳಿನಲ್ಲಿ ಒರೆಸಿದ, ಅದು ನಾಟಕವಲ್ಲ. ಲೋಟ ಮಾಡಿಕೊಡು ಎಂದು ಕೇಳುವ ಹಾಗಿಲ್ಲವಲ್ಲ, ಕೇಳಲಿಲ್ಲ. “ಒಳ್ಳೆಯ ಮರ. ನಿನ್ನ ಕೈಯಲ್ಲಿ ಇದ್ದರೆ ಚೆನ್ನ,” ಎಂದಷ್ಟೇ ಹೇಳಿ ಗುಡ್ ಮಾರ್ನಿಂಗ್ ಹೇಳಿ ಒಳಗೆ ಹೋದ.

ಆ ಮರಕ್ಕೆ ನಾನು ಒಂದಿಷ್ಟೂ ಮೋಸ ಮಾಡಲಿಲ್ಲ. ಬೇವಿಗಿಂತ ಮೃದು, ಬೆಣ್ಣೆಯ ಬಣ್ಣ, ಉಳಿ ತಾಗಿದರೆ ಸುಮ್ಮನೆ ದಾರಿ ಬಿಡುತ್ತಿತ್ತು. ವರ್ಷಗಟ್ಟಲೆ ಒಣಗಿದ್ದದ್ದರಿಂದ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಸ್ವಲ್ಪವೇ ಕೊರೆದೆ. ಮೂರು ತಿಂಗಳು ತೆಗೆದುಕೊಂಡೆ. ನೀರು ಬದಲಿಸಿ ಬೇಯಿಸಿದೆ, ಹೊಟ್ಟಿನಲ್ಲಿ ಹೂತೆ, ಎಣ್ಣೆ ಉಜ್ಜಿದೆ. ಅಂಚನ್ನು ತೆಳ್ಳಗೆ, ತುಟಿಗೆ ಹಿತವಾಗುವ ಹಾಗೆ ತೀಡಿದೆ. ಗಂಡ ಕೈಯಲ್ಲಿ ಹಿಡಿದು ನೋಡಿ, “ಇದನ್ನು ಕೊಡ್ಬೇಡ ಮಾರಾಯ್ತಿ, ಮನೆಯಲ್ಲೇ ಇಟ್ಟುಕೊಳ್ಳುವ,” ಎಂದರು. ನಾನು ಈವರೆಗೆ ಮಾಡಿದ ಲೋಟಗಳಲ್ಲಿ ಅದೇ ಒಳ್ಳೆಯದು.

ಏಪ್ರಿಲ್‌ನ ಒಂದು ಬೆಳಿಗ್ಗೆ ಹತ್ತು ಗಂಟೆಯ ಕಾಫಿಗೆ ಲೋಟವನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಎಲ್ಲರೂ ಇದ್ದರು. ಬಟ್ಟೆ ಬಿಚ್ಚುತ್ತಿದ್ದ ಹಾಗೆ ಬಾಸ್ ಎದ್ದು ನಿಂತ. ಆತನಿಗೆ ಮರದ ಗುರುತು ಸಿಕ್ಕಿತು. ಎರಡೂ ಕೈ ಚಾಚಿಯೇಬಿಟ್ಟ, ಮಕ್ಕಳು ಪ್ರಸಾದಕ್ಕೆ ಚಾಚುವ ಹಾಗೆ.

ನಾನು ಆತನನ್ನು ದಾಟಿ ಮುಂದೆ ಹೋಗಿ ಮೇಡಮ್ ಮುಂದೆ ಲೋಟ ಇಟ್ಟೆ. “ನಿಮ್ಮದು ಒಡೆದುಹೋಯಿತಲ್ಲ ಮೇಡಮ್. ಇದು ನಿಮಗೆ.”

ಮೇಡಮ್ ಲೋಟ ನೋಡಿದರು, ಚಾಚಿದ ಕೈಗಳನ್ನು ನೋಡಿದರು, ಆಮೇಲೆ ನನ್ನನ್ನು. ಇದು ಪ್ರೀತಿಯ ಕಾಣಿಕೆಯಲ್ಲ ಎಂದು ಅವರಿಗೆ ಅರ್ಥವಾಯಿತು. ಬುದ್ಧಿವಂತ ಹೆಂಗಸು. ತೊಳೆಯುವಂತಿಲ್ಲ, ಬಿಡುವಂತಿಲ್ಲ, ಆತನ ಕಣ್ಣ ಮುಂದೆ ಆತನ ಅಪ್ಪನ ಮರಕ್ಕೆ ದಿನವೂ ತುಟಿ ಇಡಬೇಕು. ಆತ ಕೂತು ನೋಡಬೇಕು.

“ಸರ್,” ಎಂದೆ, “ಮೊದಲ ಕಾಫಿ ಹಿರಿಯರು ಹಾಕಬೇಕು ಅಂತ ನೀವೇ ಹೇಳಿದ್ದಿರಿ.”

ಆತ ಕೈ ಕೆಳಗಿಳಿಸಿದ. ಫ್ಲಾಸ್ಕು ತೆಗೆದುಕೊಂಡ. ಲೋಟದ ಅಂಚಿನವರೆಗೆ ಕಾಫಿ ಹಾಕಿದ. ಮೇಡಮ್ ಎರಡು ಕೈಯಲ್ಲಿ ಲೋಟ ಎತ್ತಿ, ಕಣ್ಣು ಮುಚ್ಚಿ, ತುಟಿ ಇಟ್ಟು ಕುಡಿದರು. ನಾನು ಆ ಕೆಲಸ ಬಿಡುವವರೆಗೆ, ಇನ್ನೂ ನಾಲ್ಕು ವರ್ಷ, ಪ್ರತಿದಿನ ಹತ್ತು ಗಂಟೆಗೆ ಆತ ಅವರಿಗೆ ಅದರಲ್ಲಿ ಕಾಫಿ ಹಾಕಿಕೊಟ್ಟ.